ಫುಟ್‌ವಾಲ್ವ್ ಇಲ್ಲದ ಪಂಪು

ತಿಪಟೂರಿನಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಕಾಯಿಲು, ಸವೆದ ಬೇರಿಂಗು, ನೀರೆತ್ತದ ಪಂಪು, ಇಷ್ಟೇ ನನ್ನ ಪ್ರಪಂಚ. ದಸರಾ ರಜೆಗೆ ಬಂದ ಅಕ್ಕನ ಮಗಳು, ಆರನೇ ಕ್ಲಾಸಿನವಳು, ಶಾಲೆಯ ವಸ್ತುಪ್ರದರ್ಶನಕ್ಕೆ ಶ್ವಾಸಕೋಶ ಮಾಡಿಕೊಂಡು ಹೋಗಬೇಕಂತೆ. ಥರ್ಮಾಕೋಲ್ ಕತ್ತರಿಸಿ ಗುಲಾಬಿ ಬಣ್ಣ ಬಳಿದರೆ ಆಯಿತು ಅಂದುಕೊಂಡು ಬಂದಿದ್ದಳು. ಉಸಿರಾಡದ ಶ್ವಾಸಕೋಶ ಕಟ್ಟಿಕೊಂಡು ಏನು ಮಾಡ್ತೀಯೇ, ಓಡದ ಮೋಟಾರಿಗೆ ಪೇಂಟ್ ಹೊಡೆದ ಹಾಗೆ ಅಂದೆ. ಅಲ್ಲಿಂದ ಶುರುವಾಗಿದ್ದು ಹನ್ನೊಂದು ದಿನ ನಡೆಯಿತು.

ಮೊದಲ ದಿನ ಸಾಮಾನು ಹುಡುಕುವುದರಲ್ಲೇ ಹೋಯಿತು. ಒಂದು ಲೀಟರಿನ ನೀರಿನ ಬಾಟಲಿ, ಎರಡು ಬಲೂನು, ಮೆಡಿಕಲ್ ಸ್ಟೋರಿನ ರಬ್ಬರ್ ಗ್ಲೌಸು, ತೋಟದಲ್ಲಿ ಬಿದ್ದಿದ್ದ 16 ಎಂ.ಎಂ. ಡ್ರಿಪ್ ಪೈಪಿನ ತುಂಡು, ಅದಕ್ಕೊಂದು ಟೀ, ಅಂದರೆ T ಆಕಾರದ ಪೈಪಿನ ಜೋಡಣೆ, ತೂತಿನಲ್ಲಿ ಪೈಪು ಬಿಗಿಯಾಗಿ ಕೂರಲು ಒಂದು ಗ್ರೋಮೆಟ್, ಅಂದರೆ ರಬ್ಬರ್ ಬಳೆ. ಆ ಡ್ರಿಪ್ ಪೈಪು ದೊಡ್ಡವರ ಶ್ವಾಸನಾಳಕ್ಕೆ ಹೆಚ್ಚುಕಡಿಮೆ ಸರಿಯಾದ ಅಳತೆ. ಶ್ವಾಸನಾಳ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ ಇರುತ್ತದೆ, ನಾವೂ ಅಷ್ಟೇ ಕತ್ತರಿಸಿಕೊಂಡೆವು. ಗಂಟಲ ಕೆಳಗೆ ಬೆರಳಿಟ್ಟು ಸವರಿಕೋ ಅಂದೆ. ಗಟ್ಟಿ ಉಂಗುರ ಸಿಕ್ಕಿತು ಅಂದಳು. ಆ ಉಂಗುರಗಳು ಪೂರ್ತಿ ದುಂಡಗಿರುವುದಿಲ್ಲ, ಹಿಂದೆ ಬಾಯಿ ಬಿಟ್ಟುಕೊಂಡಿರುತ್ತವೆ. ಅನ್ನನಾಳ ಅದರ ಬೆನ್ನಿಗೇ ಅಂಟಿಕೊಂಡಿರುವುದರಿಂದ ದೊಡ್ಡ ತುತ್ತು ಇಳಿಯುವಾಗ ಅಲ್ಲಿ ಸ್ವಲ್ಪ ಜಾಗ ಬೇಕು. ಬಾವಿಯಿಂದ ಪಂಪಿಗೆ ನೀರು ಬರುವ ಸಕ್ಷನ್ ಹೋಸಿನೊಳಗೆ ಸ್ಪ್ರಿಂಗ್ ಸುತ್ತಿರುತ್ತಾರಲ್ಲ, ಪೈಪು ಒಳಕ್ಕೆ ಅಂಟಿಕೊಳ್ಳದಿರಲಿ ಅಂತ, ಅದೇ ಕೆಲಸ ಈ ಉಂಗುರದ್ದು.

ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ಕಾದ ಕಂಬಿಯಲ್ಲಿ ತೂತು ಹಾಕಿ ಪೈಪು ತೂರಿಸಿ, ಒಳಗೆ ಟೀ ಹಾಕಿ, ಎರಡು ತುದಿಗೂ ಬಲೂನು ಕಟ್ಟಿ, ಕತ್ತರಿಸಿದ ತಳಕ್ಕೆ ಗ್ಲೌಸಿನ ರಬ್ಬರು ಬಿಗಿದದ್ದಾಯಿತು. ರಬ್ಬರನ್ನು ಕೆಳಗೆ ಎಳೆದಳು. ಬಲೂನು ಉಬ್ಬುವ ಬದಲು ಬಾಟಲಿಯೇ ಪಟಕ್ಕನೆ ಒಳಕ್ಕೆ ಚಪ್ಪಟೆಯಾಯಿತು.

ಬೇಜಾರು ಮಾಡಿಕೊಂಡಳು. ನನಗೆ ಮಾತ್ರ ಖುಷಿ. ಪಕ್ಕೆಲುಬು ಯಾಕಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗುತ್ತದೆ? ಎದೆಗೂಡು ಗಟ್ಟಿಯಿಲ್ಲದಿದ್ದರೆ ಒಳಗೆ ಜಾಗ ಹಿಗ್ಗುವುದೇ ಇಲ್ಲ. ಕೋಲಾ ತುಂಬುವ ಎರಡು ಲೀಟರಿನ ಬಾಟಲಿ ತಂದೆವು. ಗ್ಯಾಸಿನ ಒತ್ತಡ ತಡೆಯಬೇಕಾದ್ದರಿಂದ ಅದರ ಗೋಡೆ ನೀರಿನ ಬಾಟಲಿಗಿಂತ ಗಟ್ಟಿ.

ಎರಡನೇ ದಿನ ಹೊಸ ಬಾಟಲಿಗೆ ಎಲ್ಲ ಜೋಡಿಸಿ ಎಳೆದರೆ ಬಾಟಲಿ ಜಗ್ಗಲಿಲ್ಲ, ಬಲೂನೂ ಜಗ್ಗಲಿಲ್ಲ.

"ಮಾವ, ಮೂಗು ತಾನೇ ಗಾಳಿ ಎಳ್ಕೊಳ್ಳೋದು?"

"ಅಲ್ಲ."

"ಹಂಗಾದ್ರೆ ಶ್ವಾಸಕೋಶ."

"ಅದೂ ಎಳೆಯಲ್ಲ. ಹಿಗ್ಗೋದಕ್ಕೆ ಅದಕ್ಕೆ ಸ್ವಂತ ಮಾಂಸಖಂಡವೇ ಇಲ್ಲ."

ಇದನ್ನು ನಾನು ದಿನಾ ರೈತರಿಗೆ ಹೇಳಿ ಹೇಳಿ ಸಾಕಾಗಿದ್ದೇನೆ. ಬಾವಿಯ ನೀರನ್ನು ಪಂಪು ಎಳೆಯುವುದಿಲ್ಲ. ಪೈಪಿನೊಳಗೆ ಒತ್ತಡ ಇಳಿಸುತ್ತದೆ ಅಷ್ಟೇ, ನೀರಿನ ಮೇಲೆ ಕೂತಿರುವ ಹೊರಗಿನ ಗಾಳಿ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಅದಕ್ಕೇ ಎಷ್ಟು ಎಚ್.ಪಿ. ಮೋಟಾರು ಕೂರಿಸಿದರೂ ಸಕ್ಷನ್ ಲೆಕ್ಕದಲ್ಲಿ 10.3 ಮೀಟರ್ ದಾಟುವುದಿಲ್ಲ, ಕೈಗೆ ಸಿಗುವುದು ಏಳು ಮೀಟರ್ ಆಸುಪಾಸು. ಎದೆಯಲ್ಲೂ ಹೀಗೇ. ಹೊಟ್ಟೆಗೂ ಎದೆಗೂ ನಡುವೆ ಕೊಡೆಯ ಹಾಗೆ ಕಮಾನಾಗಿ ಕೂತಿರುವ ಮಾಂಸದ ಹಾಳೆ ಇದೆ, ಅವಳ ಪುಸ್ತಕದಲ್ಲಿ ಅದರ ಹೆಸರು ವಪೆ. ಅದು ಬಿಗಿಯಾದರೆ ಚಪ್ಪಟೆಯಾಗಿ ಕೆಳಗಿಳಿಯುತ್ತದೆ, ಪಕ್ಕೆಲುಬು ಮೇಲೆ ಹೊರಕ್ಕೆ ಏಳುತ್ತದೆ, ಎದೆಯೊಳಗೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ತಾನೇ ನುಗ್ಗುತ್ತದೆ. ಜಾಗ ಹೆಚ್ಚಿದರೆ ಗಾಳಿಯ ಒತ್ತಡ ಇಳಿಯುತ್ತದೆ ಅನ್ನುವ ಲೆಕ್ಕವನ್ನು ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದಿಟ್ಟ. ನನಗೆ ಆಶ್ಚರ್ಯವಾಗಿದ್ದು ಇನ್ನೊಂದು. ಸುಮ್ಮನೆ ಕೂತು ಉಸಿರಾಡುವಾಗ ಶ್ವಾಸಕೋಶದೊಳಗೆ ಇಳಿಯುವ ಒತ್ತಡ ಸುಮಾರು ಒಂದೇ ಒಂದು ಸೆಂಟಿಮೀಟರ್ ನೀರಿನಷ್ಟು. ಏಳು ಮೀಟರ್ ಸಕ್ಷನ್ನಿನ ಜೊತೆ ಗುದ್ದಾಡುವ ನನಗೆ ಇಷ್ಟು ನಯವಾದ ಪಂಪು ಇದುವರೆಗೆ ರಿಪೇರಿಗೆ ಬಂದಿಲ್ಲ.

ಸರಿ, ನಮ್ಮ ಬಲೂನು ಯಾಕೆ ಉಬ್ಬಲಿಲ್ಲ? ನೀರೆತ್ತದ ಪಂಪಿನಲ್ಲಿ ಮೊದಲು ನೋಡಬೇಕಾದ್ದೇ ಸಕ್ಷನ್ ಲೈನಿನ ಲೀಕು. ಬಾಟಲಿಯನ್ನು ಹಂಗೇ ಟಬ್ಬಿನ ನೀರಿಗೆ ಮುಳುಗಿಸಿ, ಪೈಪಿನ ಬಾಯಿ ಹೆಬ್ಬೆಟ್ಟಿನಲ್ಲಿ ಮುಚ್ಚಿ, ರಬ್ಬರನ್ನು ಒಳಕ್ಕೆ ಒತ್ತಿದೆವು, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆ. ಮುಚ್ಚಳದ ಸುತ್ತ ಗುಳುಗುಳು ಅಂತ ಗುಳ್ಳೆ ಬಂತು. ಕಾದ ಕಂಬಿಯಲ್ಲಿ ಹಾಕಿದ ತೂತು ಮೊಟ್ಟೆಯಾಕಾರ ಆಗಿಬಿಟ್ಟಿತ್ತು, ಗ್ರೋಮೆಟ್ ಒಂದು ಕಡೆ ಕೂತಿರಲಿಲ್ಲ. ಥ್ರೆಡ್ಡಿನಲ್ಲೂ ಸಣ್ಣ ಗುಳ್ಳೆ. ಬೇರೆ ಮುಚ್ಚಳ ತಗೊಂಡು ಡ್ರಿಲ್ಲಿನಲ್ಲಿ ದುಂಡಗೆ ಕೊರೆದು, ಗ್ರೋಮೆಟ್ ಕೂರಿಸಿ, ಸುತ್ತ ಎಂ-ಸೀಲ್ ಮೆತ್ತಿ, ಥ್ರೆಡ್ಡಿಗೆ ಟೆಫ್ಲಾನ್ ಟೇಪು ಸುತ್ತಿ ರಾತ್ರಿಯಿಡೀ ಒಣಗಲು ಬಿಟ್ಟೆವು.

ಮಾರನೆ ದಿನ ಬಲೂನು ಅಲ್ಲಾಡಿತು. ಅಲ್ಲಾಡಿತು ಅಷ್ಟೇ. ಹೊಸ ಬಲೂನಿನ ರಬ್ಬರು ಬಿಗಿ. ಬಾಯಲ್ಲಿ ಊದುವಾಗಲೂ ಮೊದಲ ಊದೇ ಕಷ್ಟ, ಒಮ್ಮೆ ಸಡಿಲವಾದರೆ ಆಮೇಲೆ ಸಲೀಸು. ಹತ್ತು ಹದಿನೈದು ಸಲ ಊದಿ ಬಿಟ್ಟು ಮೆತ್ತಗೆ ಮಾಡಿ ಕಟ್ಟಿದ ಮೇಲೆ ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿದವು. ಹುಟ್ಟಿದ ಮಗುವಿಗೂ ಮೊದಲ ಉಸಿರು ಹೀಗೇ ಕಷ್ಟದ್ದು. ಶ್ವಾಸಕೋಶದೊಳಗೆ ಮೂವತ್ತರಿಂದ ಐವತ್ತು ಕೋಟಿ ಪುಟಾಣಿ ಗಾಳಿಗೂಡುಗಳಿವೆ, ಒಂದೊಂದೂ ಒಳಗೆ ತೇವ. ನೀರಿನ ಪಸೆ ಇದ್ದ ಕಡೆ ಗೋಡೆ ಗೋಡೆಗೆ ಅಂಟಿಕೊಳ್ಳುತ್ತದೆ, ಒದ್ದೆ ಪ್ಲಾಸ್ಟಿಕ್ ಕವರು ಬಾಯಿ ಬಿಡದ ಹಾಗೆ. ಅದನ್ನು ತಡೆಯಲು ಗಾಳಿಗೂಡೇ ಸೋಪಿನಂಥ ಒಂದು ಪಸೆಯನ್ನು ಮಾಡಿಕೊಳ್ಳುತ್ತದೆ, ಹೆಸರು ಸರ್ಫ್ಯಾಕ್ಟಂಟ್. ತಿಂಗಳು ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ಪಸೆ ಸಾಲದೆ ಉಸಿರು ಕಟ್ಟುತ್ತದೆ ಅಂತ 1959ರಲ್ಲಿ ತೋರಿಸಿದವರು ಮೇರಿ ಎಲೆನ್ ಏವರಿ ಅನ್ನುವ ಅಮೆರಿಕದ ಡಾಕ್ಟರು. ಈಗ ಅದನ್ನು ಔಷಧಿಯಾಗಿಯೇ ಆ ಮಕ್ಕಳ ಶ್ವಾಸನಾಳಕ್ಕೆ ಬಿಡುತ್ತಾರೆ.

ಟೀ ಹಾಕಿದ್ದು ತಪ್ಪು ಅಂತ ನಾಲ್ಕನೇ ದಿನ ಗೊತ್ತಾಯಿತು. ಎರಡು ಬಲೂನೂ ಅಡ್ಡಡ್ಡ ನಿಂತು ಬಾಟಲಿ ಗೋಡೆಗೆ ಒತ್ತಿ ಮಡಿಚಿಕೊಳ್ಳುತ್ತಿದ್ದವು. ನಿಜವಾದ ಕವಲು ಹಾಗಿಲ್ಲ. ಬಲಗಡೆಯದು ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ ಕೆಳಗಿಳಿಯುತ್ತದೆ. ಎಡಗಡೆಯದು ವಾಲಿಕೊಂಡು ಹೋಗುತ್ತದೆ, ಹೃದಯಕ್ಕೆ ಜಾಗ ಬಿಡಬೇಕಲ್ಲ. ಅದಕ್ಕೇ ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡೇ. ಪೈಪಿನ ತುಂಡುಗಳನ್ನು ಕುದಿನೀರಿಗೆ ಅದ್ದಿ ಬಗ್ಗಿಸಿ ಟೀಗೆ ಜೋಡಿಸಿದೆ, ಬಲದ್ದು ನೆಟ್ಟಗೆ, ಎಡದ್ದು ಓರೆ. ಮೇಲಿನಿಂದ ಒಂದು ಕಡಲೆಬೀಜ ಹಾಕಿ ನೋಡೋಣ ಮಾವ ಅಂದಳು. ಐದು ಸಲದಲ್ಲಿ ನಾಲ್ಕು ಸಲ ಬಲಕ್ಕೇ ಬಿತ್ತು. ಮಕ್ಕಳು ನಗುನಗುತ್ತಾ ಕಡಲೆಬೀಜ ತಿಂದು ಉಸಿರು ಸಿಕ್ಕಿಹಾಕಿಕೊಂಡಾಗಲೂ ಬೀಜ ಸಾಮಾನ್ಯವಾಗಿ ಸಿಗುವುದು ಬಲಗಡೆಯೇ. ಬಲೂನಿನೊಳಗಿನ ಆ ಕಡಲೆಬೀಜ ತೆಗೆಯಲು ನನಗೆ ಅರ್ಧ ಗಂಟೆ ಹಿಡಿಯಿತು, ದಾರ ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಆ ಹೊತ್ತಿಗೆ ಮಾದರಿ ಚೆನ್ನಾಗಿ ಉಸಿರಾಡುತ್ತಿತ್ತು. ರಬ್ಬರನ್ನು ಜರ್ಕ್ ಹೊಡೆದು ಎಳೆದರೆ ಬಲೂನು ಬೆಚ್ಚಿಬಿದ್ದಂತೆ ಕುಣಿಯಿತು.

"ಇದು ಬಿಕ್ಕಳಿಕೆ!" ಅಂದಳು.

ಹೌದು, ವಪೆ ಹೇಳದೆ ಕೇಳದೆ ಸೆಟೆದುಕೊಳ್ಳುವುದೇ ಬಿಕ್ಕಳಿಕೆ. ಒಳಗಿನಿಂದ ಅಮ್ಮ, ಯಾರೋ ನೆನೆಸ್ಕೊಳ್ತಿರಬೇಕು ನಿಮ್ ಬಾಟ್ಲೀನ ಅಂದಳು.

ಆಮೇಲೆ ಮಾಡಿದ್ದು ಈ ಕೆಲಸದಲ್ಲೇ ನನಗೆ ಹೆಚ್ಚು ಹಿಡಿಸಿದ ಭಾಗ, ಬೇಕಂತಲೇ ಲೀಕು ಮಾಡಿದ್ದು. ಬಾಟಲಿಯ ಪಕ್ಕೆಗೆ ಮೂರು ಎಂ.ಎಂ. ತೂತು ಹಾಕಿದೆ. ಬೆರಳಿಟ್ಟು ಮುಚ್ಚಿ ಎಳೆದರೆ ಬಲೂನು ಉಬ್ಬುತ್ತದೆ, ಬೆರಳು ತೆಗೆದರೆ ಇಲ್ಲ. ಬಲೂನಿಗೆ ಏನೂ ಆಗಿಲ್ಲ, ವಪೆ ಎಳೆಯುತ್ತಲೇ ಇದೆ, ಆದರೂ ಗಾಳಿ ಹತ್ತಿರದ ದಾರಿ ಹಿಡಿದು ಪಕ್ಕೆಯಿಂದ ನುಗ್ಗುತ್ತದೆ. ಅಪಘಾತದಲ್ಲಿ ಎದೆಗೆ ತೂತಾದವರಿಗೆ ಆಗುವುದೂ ಇದೇ. ಡಾಕ್ಟರು ಪಕ್ಕೆಯಿಂದ ಒಂದು ಟ್ಯೂಬು ಹಾಕಿ ಅದರ ಇನ್ನೊಂದು ತುದಿಯನ್ನು ನೀರಿರುವ ಬಾಟಲಿಯಲ್ಲಿ ಮುಳುಗಿಸಿಡುತ್ತಾರೆ. ಒಳಗೆ ಸೇರಿದ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ವಾಪಸು ಹೋಗುವುದಿಲ್ಲ. ಪಂಪಿನ ಸಕ್ಷನ್ ಪೈಪಿನ ತುದಿಯಲ್ಲಿ ನೀರು ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಇರುತ್ತದೆ. ನೋಡಿ, ಮನುಷ್ಯನ ಉಸಿರಿನ ದಾರಿಯಲ್ಲಿ ದೇವರು ಅಂಥದ್ದನ್ನು ಇಟ್ಟಿಲ್ಲ, ಬಂದ ಗಾಳಿ ಬಂದ ದಾರಿಯಲ್ಲೇ ಹೋಗಬೇಕು. ಡಾಕ್ಟರು ಮಾತ್ರ ಒಂದು ಬಾಟಲಿ ನೀರಿನಲ್ಲಿ ಫುಟ್‌ವಾಲ್ವ್ ಮಾಡಿಬಿಡುತ್ತಾರೆ.

ಇಲ್ಲಿ ನಮ್ಮ ಮಾದರಿ ಹೇಳುವ ಸುಳ್ಳುಗಳನ್ನೂ ಬರೆದಿಡಬೇಕು, ಶಾಲೆಯಲ್ಲಿ ಯಾರಾದರೂ ಕೇಳಿದರೆ ತಬ್ಬಿಬ್ಬಾಗಬಾರದು. ಬಾಟಲಿಯಲ್ಲಿ ಬಲೂನಿನ ಸುತ್ತ ಖಾಲಿ ಜಾಗ ಇದೆ, ಎದೆಯಲ್ಲಿ ಇಲ್ಲ. ಅಲ್ಲಿ ಶ್ವಾಸಕೋಶ ಗೋಡೆಗೆ ತಾಗಿಕೊಂಡೇ ಇರುತ್ತದೆ, ನಡುವೆ ಎರಡು ತೆಳು ಪೊರೆ, ಪೊರೆಗಳ ಮಧ್ಯೆ ತೊಟ್ಟು ದ್ರವ. ಎರಡು ಒದ್ದೆ ಗಾಜಿನ ಚೂರು ಜಾರುತ್ತವೆ ಆದರೆ ಬಿಡಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಬಾಟಲಿಗೆ ತೂತಾದರೆ ಎರಡೂ ಬಲೂನು ಸುಮ್ಮನಾಗುತ್ತವೆ. ಮನುಷ್ಯರಿಗೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಕೋಣೆ, ಒಂದು ಕೆಟ್ಟರೆ ಇನ್ನೊಂದು ಓಡುತ್ತಿರುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳ್ಳು ಬಲೂನೇ. ಶ್ವಾಸಕೋಶ ಟೊಳ್ಳು ಚೀಲವಲ್ಲ, ಸ್ಪಂಜಿನಂತಿರುತ್ತದೆ. ನಾಳ ಇಬ್ಭಾಗವಾಗಿ, ಅದು ಮತ್ತೆ ಇಬ್ಭಾಗವಾಗಿ, ಹೀಗೆ ಸುಮಾರು 23 ಸಲ ಕವಲೊಡೆದು ಗಾಳಿಗೂಡು ಸೇರುತ್ತದೆ. ಅಷ್ಟೂ ಗೂಡುಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಬ್ಯಾಡ್ಮಿಂಟನ್ ಅಂಕಣಕ್ಕಿಂತ ತುಸು ಚಿಕ್ಕದು.

ಅವಳ ಕ್ಲಾಸಿನ ಹುಡುಗನೊಬ್ಬ ಇನ್ಹೇಲರ್ ಇಟ್ಟುಕೊಂಡಿರುತ್ತಾನಂತೆ, ಆಟದ ಪೀರಿಯಡ್ಡಿಗೆ ಮುಂಚೆ ಎಳೆದುಕೊಳ್ಳುತ್ತಾನಂತೆ. ಅವನಿಗೇನಾಗಿದೆ ಅಂತ ತೋರಿಸಿ ಅಂದಳು. ಖಾಲಿ ರೀಫಿಲ್ಲಿನ ತುಂಡೊಂದನ್ನು ರಬ್ಬರ್ ಬಿರಡೆಗೆ ತೂರಿಸಿ ಪೈಪಿನ ಬಾಯಿಗೆ ಜಡಿದೆ. ಈಗ ರಬ್ಬರು ಎಳೆದರೆ ಬಲೂನು ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ ಉಬ್ಬುತ್ತದೆ. ಬಿಟ್ಟರೂ ಬೇಗ ಖಾಲಿಯಾಗುವುದಿಲ್ಲ. ಆಸ್ತಮಾದಲ್ಲಿ ನಾಳದ ಸುತ್ತಲಿನ ಸ್ನಾಯು ಬಿಗಿದು, ಒಳಪದರ ಊದಿ ದಾರಿ ಕಿರಿದಾಗುತ್ತದೆ. ಪೈಪಿನ ಅಗಲ ಅರ್ಧಕ್ಕಿಳಿದರೆ ತಡೆ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ನನ್ನ ಗಿರಾಕಿಗಳಲ್ಲಿ ಕಾಸು ಉಳಿಸಲು ಸಣ್ಣ ಪೈಪು ಹಾಕಿಸಿದವರಿಗೆಲ್ಲ ಈ ಲೆಕ್ಕ ಒಂದು ದಿನ ಗೊತ್ತಾಗೇ ಆಗುತ್ತದೆ. ಇನ್ಹೇಲರಿನ ಔಷಧಿ ಆ ಬಿಗಿತವನ್ನು ಸಡಿಲಿಸುತ್ತದೆ. ಅದನ್ನು ಎಳೆದುಕೊಂಡರೆ ಚಟವಾಗುತ್ತದೆ ಅನ್ನುವುದು ಊರವರ ಬಾಯಿಮಾತು, ನಿಜವಲ್ಲ. ಅವನನ್ನ ಯಾರೂ ಆಡಿಕೊಳ್ಳಬಾರದು ಅಂದೆ. ಯಾರೂ ಆಡ್ಕೊಳ್ಳಲ್ಲ ಮಾವ, ಅವನೇ ನಮ್ ಟೀಮ್ ಕ್ಯಾಪ್ಟನ್ನು ಅಂದಳು.

ಏಳನೇ ದಿನದ ಹೊತ್ತಿಗೆ ಅವಳಿಗಿಂತ ನನಗೇ ಹುಚ್ಚು ಹಿಡಿದಿತ್ತು. ಉಸಿರು ಅಳೆಯುವ ಯಂತ್ರವೂ ಇರಲಿ ಅನ್ನಿಸಿತು. 1846ರಲ್ಲಿ ಜಾನ್ ಹಚಿನ್ಸನ್ ಅನ್ನುವ ಇಂಗ್ಲೆಂಡಿನ ಡಾಕ್ಟರು ನೀರಿನಲ್ಲಿ ಬೋರಲು ಹಾಕಿದ ಡಬ್ಬಿಗೆ ಜನರಿಂದ ಊದಿಸಿ, ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಉಸಿರು ಅಳೆದಿದ್ದರು. ನಾವು ಐದು ಲೀಟರಿನ ಎಣ್ಣೆ ಕ್ಯಾನು ತೊಳೆದು, ಅರ್ಧರ್ಧ ಲೀಟರು ನೀರು ಅಳೆದು ಹಾಕುತ್ತ ಪ್ರತಿ ಸಲವೂ ಮಾರ್ಕರಿನಲ್ಲಿ ಗೆರೆ ಎಳೆದೆವು. ಹಿಡಿಕೆ ಇರುವ ಕಡೆ ಕ್ಯಾನು ಡೊಂಕಾದ್ದರಿಂದ ಸ್ಕೇಲಿಟ್ಟು ಸಮ ಭಾಗ ಮಾಡಿದರೆ ಲೆಕ್ಕ ತಪ್ಪುತ್ತದೆ, ಸುರಿದೇ ಗುರುತು ಹಾಕಬೇಕು. ಪೂರ್ತಿ ನೀರು ತುಂಬಿಸಿ, ಅಂಗೈಯಲ್ಲಿ ಬಾಯಿ ಮುಚ್ಚಿ, ಟಬ್ಬಿನ ನೀರಿನಲ್ಲಿ ಬೋರಲು ಹಾಕಿ, ಕೆಳಗಿನಿಂದ ಡ್ರಿಪ್ ಪೈಪು ತೂರಿಸಿದೆವು. ಊದಿದ ಗಾಳಿ ಮೇಲೇರಿ ಕೂರುತ್ತದೆ, ಅಷ್ಟೇ ನೀರು ಕೆಳಗಿಳಿಯುತ್ತದೆ. ಗೆರೆಗಳೇನೋ ಸರಿಯಾಗಿಯೇ ಇದ್ದವು. ಅಂಕಿಗಳು ಮಾತ್ರ ತಲೆಕೆಳಗಾಗಿ ನಿಂತಿದ್ದವು! ಅದನ್ನು ಯಾಕೆ ಮೊದಲೇ ಯೋಚಿಸಲಿಲ್ಲ ಅಂತ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡೆವು. ಅಳಿಸಲು ಥಿನ್ನರ್ ಹಚ್ಚಿದ್ದಕ್ಕೆ ಒಂದೆರಡು ಗೆರೆಯೂ ಹೋಯಿತು, ಮತ್ತೆ ಸುರಿದು ಎಳೆದೆವು.

ಊದುವವರಿಗೆಲ್ಲ ಬೇರೆ ಬೇರೆ ಪೈಪಿನ ತುಂಡು, ಒಬ್ಬರ ಎಂಜಲು ಒಬ್ಬರಿಗೆ ಬೇಡ. ಟಿ.ಬಿ. ಹರಡುವುದು ಗಾಳಿಯಲ್ಲೇ ಆದರೂ ಶುಚಿಯಲ್ಲಿ ರಾಜಿ ಸಲ್ಲದು. ಮಾತು ಬಂತು ಅಂತ ಹೇಳುತ್ತೇನೆ, ಎರಡು ವಾರ ದಾಟಿದ ಕೆಮ್ಮಿಗೆ ಮೆಡಿಕಲ್ ಸ್ಟೋರಿನ ಸಿರಪ್ಪು ನೆಚ್ಚಿಕೊಂಡು ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ, ಔಷಧಿ ಎರಡೂ ಪುಕ್ಕಟೆ.

ಹುಡುಗಿ ಊದಿದ್ದು 1.7 ಲೀಟರು. ಅಂಗಡಿಯಲ್ಲಿ ಕೆಲಸ ಕಲಿಯುವ, ಸಂಜೆ ಕಬಡ್ಡಿ ಆಡುವ ಹುಡುಗನದು 4.1. ನನ್ನದು 3.1. ಅಮ್ಮನದು ಮೂರು ಸಲ ಊದಿಸಿದರೂ 1.2 ದಾಟಲಿಲ್ಲ. ಎತ್ತರ ಇದ್ದಷ್ಟೂ ಈ ಅಂಕಿ ಹೆಚ್ಚು ಅಂತ ಹಚಿನ್ಸನ್ನೇ ಕಂಡುಕೊಂಡಿದ್ದರು, ವಯಸ್ಸಾದಂತೆ ಇಳಿಯುತ್ತದೆ, ಹಾಗಾಗಿ ಒಬ್ಬರಿಗೊಬ್ಬರನ್ನು ಹೋಲಿಸುವುದು ಅನ್ಯಾಯ. ಎಣ್ಣೆ ಕ್ಯಾನು ನೋಡಿ ಕಾಯಿಲೆ ಹೇಳಲೂ ಬರುವುದಿಲ್ಲ. ಎಷ್ಟೇ ಊದಿದರೂ ಒಂದು ಲೀಟರಿನಷ್ಟು ಗಾಳಿ ದೊಡ್ಡವರ ಎದೆಯಲ್ಲಿ ಉಳಿದೇ ಉಳಿಯುತ್ತದೆ, ಫುಟ್‌ವಾಲ್ವಿಗಿಂತ ಕೆಳಗಿರುವ ಬಾವಿ ನೀರಿನ ಹಾಗೆ. ಅದೂ ಹೋದರೆ ಗೂಡುಗಳೆಲ್ಲ ಮುಚ್ಚಿಕೊಂಡಾವು.

ಆದರೂ ಆ 3.1 ನನ್ನನ್ನು ಚುಚ್ಚಿತು. ಬೀಡಿ ಬಿಟ್ಟು ಒಂಬತ್ತು ವರ್ಷವಾಯಿತು, ಅದಕ್ಕೆ ಮುಂಚೆ ಹದಿನೈದು ವರ್ಷ ಸೇದಿದ್ದೇನೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಭತ್ತದ ಪೈರು ಗಾಳಿಗೆ ಬಾಗುವ ಹಾಗೆ ಒಟ್ಟಿಗೆ ಬಾಗಿ ಎದ್ದು ಧೂಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಬೀಡಿ ಹೊಗೆಗೆ ಅವು ಸೋತು ಬೀಳುತ್ತವೆ, ಲೋಳೆ ಅಲ್ಲೇ ನಿಲ್ಲುತ್ತದೆ, ಅದನ್ನು ಎತ್ತಿಹಾಕುವ ಕೆಲಸ ಕೆಮ್ಮಿಗೆ ಬೀಳುತ್ತದೆ. ವಾರ್ನಿಷ್ ಅದ್ದಿದ ಮೋಟಾರನ್ನು ಅಂಗಡಿಯೊಳಗೇ ಬಾಗಿಲು ಹಾಕಿಕೊಂಡು ಒಣಗಿಸುತ್ತಿದ್ದೆ. ಈಗ ಹಿತ್ತಲಿನ ಶೀಟಿನ ಕೆಳಗೆ ಇಡುತ್ತೇನೆ. ಮಕ್ಕಳ ಗಾಳಿಗೂಡುಗಳ ಸಂಖ್ಯೆ ಬಾಲ್ಯದಲ್ಲಿ ಹೆಚ್ಚುತ್ತದೆ, ಉಸಿರಿನ ಬಲ ಇಪ್ಪತ್ತರ ಆಸುಪಾಸಿನವರೆಗೂ ಬೆಳೆಯುತ್ತದೆ. ಆಮೇಲೆ ಇರುವುದು ಖರ್ಚು ಮಾತ್ರ.

ಹುಡುಗಿ ಅಜ್ಜಿಯ 1.2 ಹಿಡಿದುಕೊಂಡು ಕೂತಳು. ಅಜ್ಜಿ ಬೀಡಿ ಸೇದಿಲ್ಲವಲ್ಲ? ಸೇದಿಲ್ಲ. ನಲವತ್ತು ವರ್ಷ ಸೌದೆ ಒಲೆ ಊದಿದ್ದಾಳೆ. ಅಡುಗೆಗೆ ಗ್ಯಾಸು ಬಂದರೂ ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಸೋಗೆ, ಕರಟವೇ. ತೋಟದಲ್ಲಿ ಬಿಟ್ಟಿ ಸಿಗುವಾಗ ಯಾರು ಬಿಡುತ್ತಾರೆ? ಮೂರು ಬಿಳಿ ಟೈಲ್ಸ್ ಚೂರಿಗೆ ವ್ಯಾಸಲೀನ್ ಸವರಿ ಒಂದನ್ನು ನಡುಮನೆಯಲ್ಲಿ, ಒಂದನ್ನು ಅಂಗಡಿಯಲ್ಲಿ, ಒಂದನ್ನು ಬಚ್ಚಲಲ್ಲಿ ಎರಡು ದಿನ ಇಟ್ಟಳು. ನಡುಮನೆಯದು ಮಬ್ಬು. ಅಂಗಡಿಯದರಲ್ಲಿ ಕಂದು ಧೂಳು, ಪಕ್ಕದ ನಾರಿನ ಫ್ಯಾಕ್ಟರಿಯದೇ ಇರಬೇಕು. ಬಚ್ಚಲದ್ದು ಬೆರಳಿಟ್ಟರೆ ಕಾಡಿಗೆ. ಅದೂ ಕಣ್ಣಿಗೆ ಕಾಣುವಷ್ಟು ಮಾತ್ರ. ಮೂಗು, ಲೋಳೆ ಎಲ್ಲ ದಾಟಿ ಗಾಳಿಗೂಡಿನವರೆಗೆ ಇಳಿಯುವ ಕಣ 2.5 ಮೈಕ್ರೋಮೀಟರಿಗಿಂತ ಸಣ್ಣದು, ತಲೆಕೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲೊಂದು ಪಾಲೂ ಇಲ್ಲ.

ನಮ್ಮ ಮನೆಯಲ್ಲಿ ಹಿಂದೆ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ್ದು, ಮೂರು ಪಾತ್ರೆ, ಹೊಗೆಗೆ ಚಿಮಣಿ. ಅಡುಗೆಮನೆಗೆ ಟೈಲ್ಸ್ ಹಾಕಿಸುವಾಗ ಅದನ್ನು ಒಡೆದು ಹಾಕಿದವನು ನಾನೇ. ಈಗ ಬಚ್ಚಲೊಲೆಗೆ ಚಿಮಣಿ ಕೂರಿಸಬೇಕು. ಅಂಗಡಿಯವನು ಅಗ್ಗಕ್ಕೆ ಎ.ಸಿ. ಪೈಪು ಕೊಡ್ತೀನಿ ಅಂದ. ಎ.ಸಿ. ಅಂದರೆ ಆಸ್ಬೆಸ್ಟಾಸ್ ಸಿಮೆಂಟು, ಗರಗಸದಲ್ಲಿ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಈಚೆ ಬರುವುದಿಲ್ಲ. ಶ್ವಾಸಕೋಶ ಉಳಿಸಲು ಹೋಗಿ ಅದನ್ನು ಕೊಯ್ಯುವುದೇ? ನಾಲ್ಕಿಂಚಿನ ಜಿ.ಐ. ತಗಡಿನ ಕೊಳವೆ ಮಾಡಿಸಿದೆ. ಹಂಡೆಯ ಕಂಠದ ಸುತ್ತ ಹೊಗೆ ಸೋರುತ್ತಿತ್ತು, ಹುಡುಗಿಯೇ ಊದುಬತ್ತಿ ಹಚ್ಚಿ ಹಿಡಿದು ಎಲ್ಲೆಲ್ಲಿ ಲೀಕು ಅಂತ ಹುಡುಕಿದಳು, ಮಣ್ಣಿಗೆ ಬೂದಿ ಕಲಸಿ ಮೆತ್ತಿದಳು.

ಹನ್ನೊಂದನೇ ದಿನ ಬಾಟಲಿಯನ್ನು ರಟ್ಟಿನ ಡಬ್ಬದಲ್ಲಿಟ್ಟು ಬಸ್ಸು ಹತ್ತಿಸಿದೆ. ಜೊತೆಗೆ ನಾಲ್ಕು ಮೆತ್ತಗೆ ಮಾಡಿದ ಬಲೂನು, ಒಂದು ಜೊತೆ ಗ್ಲೌಸು, ಅರ್ಧ ಎಂ-ಸೀಲ್. ಪಕ್ಕೆಯ ತೂತಿಗೆ ಸೈಕಲ್ ಪ್ಯಾಚು ಅಂಟಿಸಲೇ ಅಂದರೆ ಬೇಡ, ನನ್ ಬೆರಳೇ ಸಾಕು ಅಂದಳು. ಎಣ್ಣೆ ಕ್ಯಾನು ಇಲ್ಲೇ ಉಳಿಯಿತು. ಈಗ ಮೋಟಾರು ಬಿಡಿಸಿಕೊಳ್ಳಲು ಬಂದವರೆಲ್ಲ ಒಂದೊಂದು ಸಲ ಊದದೆ ಹೋಗುವುದಿಲ್ಲ, ಪೈಪಿನ ತುಂಡು ಕತ್ತರಿಸಿ ಕೊಡುವುದೇ ನನಗೊಂದು ಕೆಲಸ.

ಚಿಮಣಿ ಚೆನ್ನಾಗಿ ಎಳೆಯುತ್ತಿದೆ. ಎಷ್ಟು ಚೆನ್ನಾಗಿ ಅಂದರೆ ಕಾವನ್ನೂ ಎಳೆದುಕೊಂಡು ಹೋಗುತ್ತಿದೆ. "ಹೊಗೆ ಹೋಯ್ತು ಕಣೋ, ಸರಿ. ನೀರು ಕಾಯೋದು ಯಾವಾಗ?" ಅಂತ ಅಮ್ಮ ಎರಡು ದಿನದಿಂದ ಕೇಳುತ್ತಿದ್ದಾಳೆ. ಕೊಳವೆಯ ನಡುವೆ ತಿರುಗಿಸುವ ತಗಡಿನ ತಟ್ಟೆಯೊಂದನ್ನು ಕೂರಿಸಬೇಕು. ತಟ್ಟೆ ಕತ್ತರಿಸಿ ಇಟ್ಟಿದ್ದೇನೆ, ಅದಕ್ಕೆ ಸರಿಹೊಂದುವ ಆರು ಎಂ.ಎಂ. ಸಲಾಕೆ ಇನ್ನೂ ಸಿಕ್ಕಿಲ್ಲ.